ಓದುಗರ ಪ್ರಶ್ನೆ: ಹಾಡಿನ ಹಿಂದಿನ ಫ್ಯಾನ್ ಸದ್ದನ್ನು ಎಷ್ಟು ತೆಗೆಯಬೇಕು?

ಪ್ರಶ್ನೆ: ನಮ್ಮ ಓಣಿಯ ಹಿರಿಯರೊಬ್ಬರು ಏಕತಾರಿ ಹಿಡಿದು ಹಾಡುವ ತತ್ವಪದಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೇನೆ. ಬಿಸಿಲುಗಾಲವಾದ್ದರಿಂದ ಫ್ಯಾನ್ ನಿಲ್ಲಿಸಲಾಗಲಿಲ್ಲ; ಹತ್ತಿರದ ರೈಸ್ ಮಿಲ್ಲಿನ ಸದ್ದೂ ಸೇರಿಕೊಂಡಿದೆ. ಆಡಾಸಿಟಿ ಎಂಬ ಸದ್ದು ತಿದ್ದುವ ತಂತ್ರಾಂಶದಲ್ಲಿ ನಾಯ್ಸ್ ರಿಡಕ್ಷನ್ (ಗದ್ದಲ ತಗ್ಗಿಸುವ ಎಫೆಕ್ಟ್) ಕೊಟ್ಟರೆ ಗದ್ದಲ ಹೋಗುತ್ತದೆ, ಆದರೆ ಅಜ್ಜನ ದನಿ ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?
— ಓದುಗರೊಬ್ಬರು, ಗಂಗಾವತಿ

ಉತ್ತರ: ತಂತ್ರಾಂಶದ ಆಯ್ಕೆ ಸರಿಯಾಗಿದೆ, ಉಚಿತವಾಗಿ ಸಿಗುವ ಆಡಾಸಿಟಿ 2000ದಿಂದಲೂ ಬಳಕೆಯಲ್ಲಿದ್ದು, ಹೊಸಬರಿಗೆ ಅದೇ ಸಾಕು. ಹೆಚ್ಚಾಗಿರುವುದು ಪ್ರಮಾಣ. ನಾಯ್ಸ್ ರಿಡಕ್ಷನ್ ಎಂಬುದು ಗದ್ದಲವನ್ನು ಗುರುತಿಸಿ ಹೊರಗೆಳೆಯುವುದಿಲ್ಲ. ಅದು ಸದ್ದನ್ನು ಅನೇಕ ಕಂಪನಾಂಕಗಳ ಪಟ್ಟಿಗಳಾಗಿ ಸೀಳಿ, ನೀವು ತೋರಿಸಿದ ಮಾದರಿಯಲ್ಲಿ ಒಂದೊಂದು ಪಟ್ಟಿಯ ಗದ್ದಲ ಎಷ್ಟು ಜೋರಾಗಿದೆ ಎಂದು ಲೆಕ್ಕ ಹಾಕಿ, ಆ ಮಟ್ಟವನ್ನು ದಾಟದ ಎಲ್ಲವನ್ನೂ ತಗ್ಗಿಸುತ್ತದೆ. ಸ, ಶ, ಹಗಳಂತಹ ಉಸಿರಿನ ಅಕ್ಷರಗಳೂ ಸಾಲಿನ ಕೊನೆಗೆ ಇಳಿಯುವ ದನಿಯೂ ಮೆಲುವಾಗಿರುವುದರಿಂದ ಫ್ಯಾನಿನ ಸದ್ದಿನೊಂದಿಗೇ ಕತ್ತರಿಸಿಹೋಗುತ್ತವೆ.

ಫ್ಯಾನ್, ಮಿಲ್ಲು ಎರಡೂ ಒಂದೇ ಸಮನೆ ಕೇಳುವ ಸದ್ದುಗಳಾದ್ದರಿಂದ ನಿಮ್ಮ ರೆಕಾರ್ಡಿಂಗ್ ಸುಧಾರಿಸಬಲ್ಲದು. ಆದರೆ ಮಾದರಿಯನ್ನು ಎಲ್ಲಿಂದ ಆರಿಸಿದ್ದೀರಿ ಎಂಬುದನ್ನು ಮತ್ತೊಮ್ಮೆ ನೋಡಿರಿ. ತತ್ವಪದದಲ್ಲಿ ಹಾಡುಗಾರರು ಉಸಿರು ತೆಗೆದುಕೊಳ್ಳುವಾಗಲೂ ಏಕತಾರಿ ನುಡಿಯುತ್ತಲೇ ಇರುತ್ತದೆ. ಆ ನಡುವಿನ ತುಣುಕನ್ನು ಮಾದರಿಯಾಗಿ ಕೊಟ್ಟರೆ ತಂತ್ರಾಂಶವು ಶ್ರುತಿಯನ್ನೇ ಗದ್ದಲವೆಂದು ಎಣಿಸಿ ಹಾಡಿನುದ್ದಕ್ಕೂ ತಿಂದುಹಾಕುತ್ತದೆ. ಹಾಡು ಶುರುವಾಗುವ ಮೊದಲು, ದನಿಯೂ ತಂತಿಯೂ ಇಲ್ಲದ ಒಂದೆರಡು ಸೆಕೆಂಡುಗಳನ್ನಷ್ಟೇ ಆರಿಸಿ ‘ಗೆಟ್ ನಾಯ್ಸ್ ಪ್ರೊಫೈಲ್’ ಒತ್ತಿರಿ.

ಬಳಿಕ ಇಡೀ ಹಾಡನ್ನು ಆರಿಸಿಕೊಂಡು 6 ಡೆಸಿಬಲ್‌ನಿಂದ ಆರಂಭಿಸಿರಿ. 12ನ್ನು ದಾಟಬೇಡಿ ಎಂಬುದು ನನ್ನ ಸಲಹೆ. ಅದೇ ಕಿಟಕಿಯಲ್ಲಿ ‘ರೆಸಿಡ್ಯೂ’ ಎಂಬ ಆಯ್ಕೆಯಿದ್ದು, ಅದನ್ನು ಒತ್ತಿ ಪ್ರಿವ್ಯೂ ಕೇಳಿದರೆ ಏನೇನು ತೆಗೆದುಹೋಗಲಿದೆ ಎಂಬುದು ಕಿವಿಗೇ ತಿಳಿಯುತ್ತದೆ. ಅದರಲ್ಲಿ ಪದಗಳು ಕೇಳಿಸಿದರೆ ಸೆನ್ಸಿಟಿವಿಟಿಯನ್ನು ಇಳಿಸಬೇಕು. ಇದಕ್ಕೂ ಮೊದಲು 80 ಹರ್ಟ್ಸ್‌ಗೆ ಹೈ-ಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಕಂಪನಾಂಕಗಳನ್ನು ತಗ್ಗಿಸುವ ಸೋಸುಕ) ಹಾಕಿದರೆ, ನಮ್ಮ ವಿದ್ಯುತ್ತಿನ 50 ಹರ್ಟ್ಸ್‌ನ ಗುಂಯ್ ಸದ್ದು ಬಹುಮಟ್ಟಿಗೆ ತಗ್ಗುತ್ತದೆ. ಗಂಡಸರ ದನಿ ಸಾಮಾನ್ಯವಾಗಿ ಅದಕ್ಕಿಂತ ಮೇಲೆಯೇ ಇರುವುದರಿಂದ ನಷ್ಟವಾಗದು. ಸದ್ದನ್ನು ಏರಿಸುವ ನಾರ್ಮಲೈಸ್ ಕೊನೆಗಿರಲಿ, −1 ಡೆಸಿಬಲ್‌ಗೆ. ಇವೆಲ್ಲವನ್ನೂ ಇಯರ್‌ಫೋನ್‌ನಲ್ಲಿ ಕೇಳಿ ತೀರ್ಮಾನಿಸಿರಿ. ಲ್ಯಾಪ್‌ಟಾಪಿನ ಸಣ್ಣ ಸ್ಪೀಕರಿನಲ್ಲಿ ಗುಂಯ್ ಸದ್ದು ಕೇಳಿಸುವುದೇ ಇಲ್ಲ.

ನಡುವೆ ಕೂಗಿದ ಕೋಳಿ, ಬೈಕಿನ ಹಾರ್ನ್ ಇದಾವುದಕ್ಕೂ ಬಗ್ಗುವುದಿಲ್ಲ. ದನಿಯಿಲ್ಲದ ಜಾಗದಲ್ಲಿದ್ದರೆ ಅಲ್ಲಿನ ಸದ್ದನ್ನು ತಗ್ಗಿಸಬಹುದು. ದನಿಯ ಮೇಲೇ ಬಿದ್ದಿದ್ದರೆ ಬಿಟ್ಟುಬಿಡಿರಿ. ಅಜ್ಜನ ಹಾಡಿನ ಹಿಂದೆ ಫ್ಯಾನ್ ತುಸು ಕೇಳಿಸಿದರೆ ಯಾರಿಗೂ ಬೇಸರವಾಗದು, ಪದ ತಿಳಿಯದಿದ್ದರೆ ಆಗುತ್ತದೆ. ಮೂಲ ಫೈಲನ್ನಂತೂ ಮುಟ್ಟದೆ ಬೇರೆಯಾಗಿ ಇಟ್ಟುಕೊಳ್ಳಿರಿ.

ಪ್ರಶ್ನೆ: ಹೊಸ ಸಿಮೆಂಟ್ ಕೋಣೆಯಲ್ಲಿ ಪಾಠಗಳನ್ನು ರೆಕಾರ್ಡ್ ಮಾಡುತ್ತೇನೆ, ದನಿ ಮಾರ್ದನಿಸುತ್ತದೆ. ಯಾವ ಎಫೆಕ್ಟ್ ಹಾಕಬೇಕು?
— ಶಿಕ್ಷಕಿ, ರಾಯಚೂರು

ಉತ್ತರ: ಎಫೆಕ್ಟ್‌ಗಳನ್ನು ಹುಡುಕುವುದಕ್ಕಿಂತ ಮತ್ತೊಮ್ಮೆ ರೆಕಾರ್ಡ್ ಮಾಡುವುದೇ ಮೇಲು, ಏಕೆಂದರೆ ಮಾರ್ದನಿಯೂ ನಿಮ್ಮದೇ ದನಿಯಾದ್ದರಿಂದ ಅದನ್ನು ಬೇರ್ಪಡಿಸುವುದು ಕಷ್ಟ. ಬರಿಗೋಡೆ, ಕಲ್ಲಿನ ನೆಲಗಳಿಂದ ಸದ್ದು ಪುಟಿದು ಬರುತ್ತದೆ. ಎದುರಿಗೂ ಬೆನ್ನ ಹಿಂದೆಯೂ ದಪ್ಪನೆಯ ಕೌದಿಗಳನ್ನು ಇಳಿಬಿಟ್ಟರೆ ಬಹಳಷ್ಟು ಅಡಗುತ್ತದೆ. ಮೊಬೈಲು ಬಾಯಿಂದ ಒಂದು ಗೇಣು ದೂರದಲ್ಲಿ, ಉಸಿರು ನೇರವಾಗಿ ತಾಗದಂತೆ ತುಸು ಓರೆಯಾಗಿರಲಿ. ದೂರ ಎರಡರಷ್ಟಾದರೆ ನೇರವಾಗಿ ಬರುವ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಮಾರ್ದನಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಪ್ರಶ್ನೆ: ಮೊಬೈಲಿನ ಎಂ4ಎ ಫೈಲು ಆಡಾಸಿಟಿಯಲ್ಲಿ ತೆರೆಯುತ್ತಿಲ್ಲ. ಕೆಲಸ ಮುಗಿದ ಮೇಲೆ ಯಾವ ರೂಪದಲ್ಲಿ ಉಳಿಸಬೇಕು?
— ವಿದ್ಯಾರ್ಥಿ, ಸಿರುಗುಪ್ಪ

ಉತ್ತರ: ವಿಂಡೋಸ್‌ನಲ್ಲಿ ಎಫ್‌ಎಫ್‌ಎಂಪೆಗ್ ಎಂಬ ಪೂರಕವನ್ನು ಬೇರೆಯಾಗಿ ಹಾಕಿಕೊಂಡರೆ ಆ ಫೈಲು ತೆರೆಯುತ್ತದೆ. ‘ಸೇವ್’ ಒತ್ತಿದಾಗ ಸಿಗುವ ಎಯುಪಿ3 ಫೈಲು ಆಡಾಸಿಟಿಯ ಕೆಲಸದ ಕಡತವಷ್ಟೆ, ಬೇರೆಡೆ ನುಡಿಯದು. ಆದ್ದರಿಂದ ‘ಎಕ್ಸ್‌ಪೋರ್ಟ್’ ಮಾಡಬೇಕು. ಕಾಪಿಡಲು ವೇವ್, ಹಂಚಲು ಎಂಪಿ3. ಮೊನೊ ವೇವ್ ಫೈಲು 44,100 ಹರ್ಟ್ಸ್, 16 ಬಿಟ್‌ನಲ್ಲಿ ನಿಮಿಷಕ್ಕೆ ಸುಮಾರು 5 ಎಂಬಿ ಜಾಗ ಹಿಡಿಯುತ್ತದೆ. ಎಂಪಿ3ಯನ್ನೇ ಮತ್ತೆ ಮತ್ತೆ ತಿದ್ದಿ ಉಳಿಸಿದರೆ ಪ್ರತಿ ಬಾರಿಯೂ ಗುಣಮಟ್ಟ ಸವೆಯುವುದರಿಂದ, ತಿದ್ದುವ ಕೆಲಸವೇನಿದ್ದರೂ ವೇವ್ ಫೈಲಿನ ಮೇಲೆಯೇ ನಡೆಯಲಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳುಹಿಸಿರಿ.