ಎಲ್ಲಿಗೆ ಬಂದು ನಿಂತಿತು ನಿಮ್ಮ ಕಂಪ್ಯೂಟರ್?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರು ಹೊತ್ತು ಬಂದಿವೆ: ಮನೆಯ ಕಂಪ್ಯೂಟರ್ ಸರಿಯಾಗಿ ಶುರುವಾಗುತ್ತಿಲ್ಲ. ಈ ಒಂದು ಮಾತಿನೊಳಗೆ ಐದಾರು ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ಕರೆಂಟ್ ಒಳಗೆ ಬಂತೇ, ಪರದೆಯಲ್ಲಿ ಏನಾದರೂ ಮೂಡಿತೇ, ಡಿಸ್ಕ್ ಸಿಕ್ಕಿತೇ, ವಿಂಡೋಸ್ ಲೋಗೋ ಕಂಡಿತೇ? ಎಲ್ಲಿಯವರೆಗೆ ಬಂದು ನಿಂತಿತು ಎಂದು ನೋಡಿಕೊಂಡರೆ ಕೈ ಹಾಕಬೇಕಾದ ಜಾಗ ತಾನಾಗಿಯೇ ತಿಳಿಯುತ್ತದೆ. ಉತ್ತರಗಳನ್ನೂ ಅದೇ ಕ್ರಮದಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ಪವರ್ ಬಟನ್ ಒತ್ತಿದರೆ ಫ್ಯಾನ್ ತಿರುಗುವುದಿಲ್ಲ, ಲೈಟೂ ಇಲ್ಲ. ಮದರ್‌ಬೋರ್ಡ್ ಹೋಗಿದೆ ಎನ್ನುತ್ತಿದ್ದಾರೆ. ನಂಬಬಹುದೇ?

ಇಷ್ಟು ಲಕ್ಷಣದಿಂದ ಹಾಗೆ ಹೇಳಲು ಬರುವುದಿಲ್ಲ. ಮೊದಲು ಅದೇ ಪ್ಲಗ್ಗಿಗೆ ಬೇರೆ ಸಾಧನ ಹಾಕಿ ಕರೆಂಟ್ ಬರುತ್ತಿದೆಯೇ ನೋಡಿ. ಕ್ಯಾಬಿನೆಟ್ ಹಿಂದೆ, ಒಳಗಿನ ಭಾಗಗಳಿಗೆ ಕರೆಂಟ್ ಒದಗಿಸುವ ಡಬ್ಬಿಯಾದ ಎಸ್‌ಎಂಪಿಎಸ್‌ನ ಸ್ವಿಚ್ ಇರುತ್ತದೆ. ಅದರ ಗೆರೆ ಗುರುತಿನ ಬದಿ ಒತ್ತಿರಬೇಕು, ಸೊನ್ನೆಯ ಬದಿಯಲ್ಲ. ಧೂಳು ಒರೆಸುವಾಗ ಅದು ಆಫ್ ಆಗಿರುವ ಸಂದರ್ಭಗಳು ನೀವು ಎಣಿಸಿದ್ದಕ್ಕಿಂತ ಹೆಚ್ಚು. ಮಾನಿಟರ್‌ನ ಪವರ್ ಕೇಬಲ್ ಅದೇ ಬಗೆಯದಾಗಿದ್ದರೆ ಅದನ್ನೇ ಇಲ್ಲಿಗೆ ಹಾಕಿ ನೋಡಿ.

ಮುಂದಿನ ಅನುಮಾನ ಬಟನ್ ಮೇಲೆಯೇ. ಅದರಿಂದ ಬರುವ ಎರಡು ಸಣ್ಣ ತಂತಿಗಳು ಸಾಮಾನ್ಯವಾಗಿ ಮದರ್‌ಬೋರ್ಡಿನ ಕೆಳಮೂಲೆಯ ಪಿನ್‌ಗಳಿಗೆ ಸೇರುತ್ತವೆ. ಆ ಕನೆಕ್ಟರ್ ಕಿತ್ತು, ಸ್ಕ್ರೂಡ್ರೈವರ್ ತುದಿಯಿಂದ ಆ ಎರಡು ಪಿನ್‌ಗಳನ್ನು ಮಾತ್ರ ಒಂದು ಕ್ಷಣ ತಾಗಿಸಿ. ಶುರುವಾದರೆ ಕೆಟ್ಟಿರುವುದು ಬಟನ್. ರೀಸೆಟ್ ಬಟನ್ನಿನ ತಂತಿಯನ್ನು ಅಲ್ಲಿಗೆ ಸಿಕ್ಕಿಸಿದರೆ ಇನ್ನು ಮುಂದೆ ಅದೇ ಪವರ್ ಬಟನ್ ಆಗುತ್ತದೆ, ಖರ್ಚೇ ಇಲ್ಲ.

ಅದೂ ಅಲ್ಲದಿದ್ದರೆ ಎಸ್‌ಎಂಪಿಎಸ್ ಪರೀಕ್ಷೆ. ಪ್ಲಗ್ ತೆಗೆದು, ಅದರ ಎಲ್ಲ ಕನೆಕ್ಟರ್‌ಗಳನ್ನೂ ಬಿಡಿಸಿ. 24 ಪಿನ್‌ಗಳ ದೊಡ್ಡ ಕನೆಕ್ಟರಿನಲ್ಲಿ ಹಸಿರು ತಂತಿ ಒಂದೇ ಇರುತ್ತದೆ. ಅದಕ್ಕೂ ಪಕ್ಕದ ಕಪ್ಪು ತಂತಿಗೂ ಪೇಪರ್ ಕ್ಲಿಪ್ ಬಾಗಿಸಿ ಸೇರಿಸಿ, ಆಮೇಲೆ ಪ್ಲಗ್ ಹಾಕಿ ಸ್ವಿಚ್ ಒತ್ತಿ. ಎಲ್ಲ ತಂತಿಗಳೂ ಕಪ್ಪಾಗಿರುವ ಹೊಸ ಮಾದರಿಯಾದರೆ ಊಹೆ ಮಾಡಬೇಡಿ, ಕೈಪಿಡಿಯ ಚಿತ್ರ ನೋಡಿ. ಫ್ಯಾನ್ ತಿರುಗಿದ ಮಾತ್ರಕ್ಕೆ ಎಸ್‌ಎಂಪಿಎಸ್ ಆರೋಗ್ಯವಾಗಿದೆ ಎಂದಲ್ಲ. ಕಡಿಮೆ ಹೊರೆಯಲ್ಲಿ ಫ್ಯಾನ್ ನಿಲ್ಲಿಸಿಕೊಂಡೇ ಇರುವ ಮಾದರಿಗಳೂ ಇವೆ. ಹಾಗಾಗಿ ಮಲ್ಟಿಮೀಟರ್ ಹಿಡಿಯುವುದೇ ಸರಿ. ಹಳದಿ ತಂತಿಯಲ್ಲಿ 11.4ರಿಂದ 12.6 ವೋಲ್ಟ್, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ಇರಬೇಕು. ಇದರಾಚೆ ಹೋದರೆ ಬದಲಿಸಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ.

ಪ್ರಶ್ನೆ: ಫ್ಯಾನ್ ತಿರುಗುತ್ತದೆ, ಲೈಟ್ ಹತ್ತುತ್ತದೆ. ಪರದೆಯಲ್ಲಿ ಮಾತ್ರ 'ನೋ ಸಿಗ್ನಲ್'. ಮಾನಿಟರ್ ಬೇರೆ ಕಡೆ ಚೆನ್ನಾಗಿಯೇ ಇದೆ.

ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮೊದಲು ಕೇಬಲ್ ಎಲ್ಲಿ ಸಿಕ್ಕಿಸಿದ್ದೀರಿ ನೋಡಿ. ಯುಎಸ್‌ಬಿ ರಂಧ್ರಗಳ ಸಾಲಿನಲ್ಲಿರುವುದು ಮದರ್‌ಬೋರ್ಡಿನ ಪೋರ್ಟ್. ಅದಕ್ಕಿಂತ ಕೆಳಗೆ ಪ್ರತ್ಯೇಕವಾಗಿರುವುದು ಕಾರ್ಡಿನದು. ಕೇಬಲ್ ಕಾರ್ಡಿಗೇ ಹೋಗಬೇಕು. ಹೆಸರಿನ ಕೊನೆಗೆ ಎಫ್ ಅಕ್ಷರವಿರುವ ಇಂಟೆಲ್ ಕೋರ್ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಭಾಗವೇ ಇಲ್ಲ, ಅವುಗಳ ಜೊತೆ ಮದರ್‌ಬೋರ್ಡಿನ ಪೋರ್ಟಿನಿಂದ ಏನೂ ಬರುವುದಿಲ್ಲ.

ಅದು ಸರಿಯಿದ್ದರೆ ಮೊದಲು ಹಿಡಿಯಬೇಕಾದದ್ದು, ಕೆಲಸದ ಹೊತ್ತಿನ ನೆನಪಿನ ಕಡ್ಡಿಯಾದ ರ‍್ಯಾಮ್. ಪ್ಲಗ್ ತೆಗೆದು, ಪವರ್ ಬಟನ್ನನ್ನು 10 ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಇಳಿಸಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನೊಮ್ಮೆ ಮುಟ್ಟಿ, ಮೈಮೇಲಿನ ಸ್ಥಿರವಿದ್ಯುತ್ ಹೋಗಲಿ. ಸ್ಲಾಟಿನ ಕ್ಲಿಪ್ ಬಿಡಿಸಿ ರ‍್ಯಾಮ್ ಕಡ್ಡಿಗಳನ್ನು ಹೊರತೆಗೆಯಿರಿ. ಚಿನ್ನದ ಬಣ್ಣದ ಹಲ್ಲುಗಳಿಗೆ ಬೆರಳು ತಾಗಬಾರದು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸುವುದು ಉತ್ತಮ. ಇಲ್ಲದಿದ್ದರೆ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಪೂರ್ತಿ ತೆಗೆಯಿರಿ. ಆ ಪುಡಿ ಸ್ಲಾಟಿಗೆ ಬಿದ್ದರೆ ಹಳೆಯ ತೊಂದರೆಯ ಜಾಗಕ್ಕೆ ಹೊಸದು ಬರುತ್ತದೆ.

ಈಗ ಒಂದೇ ಕಡ್ಡಿ ಹಾಕಿ. ನಾಲ್ಕು ಸ್ಲಾಟುಗಳ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯದು ಇದಕ್ಕೆ ತಕ್ಕದ್ದು. ಎರಡೂ ತುದಿಗಳನ್ನು 'ಟಕ್' ಎನ್ನುವವರೆಗೆ ಒತ್ತಬೇಕು. ಒಂದು ತುದಿ ಕೂತು ಇನ್ನೊಂದು ಎದ್ದೇ ಇರುವುದು ಅನುಭವಿಗಳಿಂದಲೂ ಆಗುವ ತಪ್ಪು. ಕಡ್ಡಿಗಳನ್ನೂ ಸ್ಲಾಟುಗಳನ್ನೂ ಅದಲುಬದಲು ಮಾಡಿ ನೋಡಿ. ಒಂದೇ ಕಡ್ಡಿ ಎಲ್ಲ ಸ್ಲಾಟಿನಲ್ಲೂ ಸೋತರೆ ಕಡ್ಡಿ ಕೆಟ್ಟಿದೆ; ಒಂದೇ ಸ್ಲಾಟಿನಲ್ಲಿ ಎಲ್ಲ ಕಡ್ಡಿಗಳೂ ಸೋತರೆ ಸ್ಲಾಟ್ ಕೆಟ್ಟಿದೆ. ಡಿಡಿಆರ್5 ರ‍್ಯಾಮ್ ಇದ್ದರೆ ತಾಳ್ಮೆ ಬೇಕು. ಹೊಸದಾಗಿ ಹಾಕಿದಾಗ ಅಥವಾ ಜಾಗ ಬದಲಿಸಿದಾಗ ಬೋರ್ಡ್ ಅದರ ವೇಗವನ್ನು ಹೊಂದಿಸಿಕೊಳ್ಳುತ್ತದೆ, ಅಷ್ಟು ಹೊತ್ತು ಪರದೆ ಕಪ್ಪಾಗಿಯೇ ಇರುತ್ತದೆ. ಕೆಲವು ನಿಮಿಷವೇ ಹಿಡಿಯಬಹುದು. ನಡುವೆ ಆಫ್ ಮಾಡಿದರೆ ಮತ್ತೆ ಮೊದಲಿನಿಂದ.

ಈಚಿನ ಬಹಳಷ್ಟು ಬೋರ್ಡುಗಳ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಪುಟ್ಟ ದೀಪಗಳಿವೆ. ಕ್ರಮವಾಗಿ ಇವು ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಮತ್ತು ಡಿಸ್ಕಿನ ಹಂತಗಳು; ಯಾವುದು ಹತ್ತಿಕೊಂಡೇ ಉಳಿಯಿತೋ ಯಂತ್ರ ಅಲ್ಲಿ ನಿಂತಿದೆ. ಹಳೆಯ ಬೋರ್ಡುಗಳು ಇದನ್ನೇ ಬೀಪ್ ಸದ್ದಿನಲ್ಲಿ ಹೇಳುತ್ತವೆ. ಎಷ್ಟು ಬೀಪಿಗೆ ಏನರ್ಥ ಎಂಬುದು ಬೋರ್ಡಿನೊಳಗಿನ ಮೊದಲ ತಂತ್ರಾಂಶವಾದ ಬಯಾಸ್ ತಯಾರಕರಿಂದ ತಯಾರಕರಿಗೆ ಬೇರೆ, ಆದ್ದರಿಂದ ನಿಮ್ಮ ಬೋರ್ಡಿನ ಕೈಪಿಡಿಯನ್ನೇ ನಂಬಿ. ಸಿಪಿಯು ದೀಪ ಉಳಿದರೆ ಪ್ರೊಸೆಸರಿನ ಹತ್ತಿರದ 4 ಅಥವಾ 8 ಪಿನ್‌ಗಳ ಪವರ್ ಕನೆಕ್ಟರ್ ನೋಡಿ. ಅದಿಲ್ಲದೆಯೂ ಫ್ಯಾನುಗಳು ತಿರುಗುತ್ತವೆ, ಚಿತ್ರ ಮಾತ್ರ ಬರುವುದಿಲ್ಲ. ಹಳೆಯ ಬೋರ್ಡಾದರೆ ಕೆಪಾಸಿಟರುಗಳ ತಲೆಯತ್ತಲೂ ಕಣ್ಣು ಹಾಯಿಸಿ. ಸಪಾಟಾಗಿರಬೇಕಾದ ತಲೆ ಉಬ್ಬಿದ್ದರೆ ಕಾರಣ ಅಲ್ಲೇ ಇದೆ.

ಪ್ರಶ್ನೆ: ಆನ್ ಆಗುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಆಫ್ ಆಗುತ್ತದೆ.

ಎಷ್ಟು ಹೊತ್ತಿಗೆ ಎಂಬುದೇ ಮುಖ್ಯ. ಒಂದೆರಡು ಸೆಕೆಂಡಿಗೇ ಆರಿದರೆ ಎಲ್ಲೋ ಶಾರ್ಟ್ ಇದೆ: ಬೋರ್ಡಿನ ಹಿಂದೆ ಬಿದ್ದ ತಿರುಪು, ಬಾಗಿದ ಯುಎಸ್‌ಬಿ ಪಿನ್, ಇಲ್ಲವೇ ಎಸ್‌ಎಂಪಿಎಸ್. ಕೆಲವು ನಿಮಿಷದ ಮೇಲೆ ಆರಿದರೆ ಬಿಸಿ. ಆನ್ ಮಾಡುತ್ತಲೇ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್ ಪರದೆಗೆ ಹೋಗಿ ಪ್ರೊಸೆಸರ್ ಉಷ್ಣಾಂಶ ನೋಡುತ್ತಾ ಕುಳಿತುಕೊಳ್ಳಿ. ಸುಮ್ಮನಿರುವಾಗಲೇ 90 ಡಿಗ್ರಿ ಸೆಲ್ಸಿಯಸ್ ದಾಟಿ ಏರುತ್ತಿದ್ದರೆ ಕೂಲರ್ ಸರಿಯಾಗಿ ಕೂತಿಲ್ಲ, ಅದರ ಫ್ಯಾನ್ ನಿಂತಿದೆ ಅಥವಾ ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದೆ. ಹಳೆಯ ಪೇಸ್ಟ್ ಪೂರ್ತಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ ಕೂಲರ್ ಬಿಗಿಯಿರಿ.

ಪ್ರಶ್ನೆ: ಪ್ರತಿದಿನ ದಿನಾಂಕ ಹಿಂದಕ್ಕೆ ಹೋಗಿ 'ಎಫ್1 ಒತ್ತಿ' ಎಂದು ಬರುತ್ತಿತ್ತು. ಬೋರ್ಡಿನ ಸೆಲ್ ಬದಲಿಸಿದೆ. ಈಗ ವಿಂಡೋಸ್ ಏಳುತ್ತಲೇ ನೀಲಿ ಪರದೆ!

ಸೆಲ್ ಬದಲಿಸಿದ್ದು ಸರಿ. ಸಿಆರ್2032 ಎಂಬ ಆ 3 ವೋಲ್ಟ್ ನಾಣ್ಯದ ಸೆಲ್ ಸೋತರೆ ಲಕ್ಷಣ ಇದೇ. ಆದರೆ ಅದನ್ನು ತೆಗೆದಾಗ ಬಯಾಸ್ ಸೆಟ್ಟಿಂಗುಗಳೆಲ್ಲ ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ. ನೀಲಿ ಪರದೆಯಲ್ಲಿ 'ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್' ಎಂದಿದ್ದರೆ ಸಾಟಾ ಮೋಡ್, ಅಂದರೆ ಬೋರ್ಡ್ ಡಿಸ್ಕಿನೊಡನೆ ಮಾತಾಡುವ ರೀತಿ, ಬದಲಾಗಿರುವ ಸಂಭವ ಹೆಚ್ಚು. ಬಯಾಸ್‌ಗೆ ಹೋಗಿ ಅದು ರೇಡ್ ಎಂದಿದ್ದರೆ ಎಎಚ್‌ಸಿಐಗೆ, ಎಎಚ್‌ಸಿಐ ಎಂದಿದ್ದರೆ ರೇಡ್‌ಗೆ ಬದಲಿಸಿ ನೋಡಿ. ಒಂದಕ್ಕಿಂತ ಹೆಚ್ಚು ಡಿಸ್ಕ್‌ಗಳನ್ನು ರೇಡ್ ಮಾಡಿ ಕೂಡಿಸಿದ್ದರೆ ಮಾತ್ರ ಹೀಗೆ ಆಟವಾಡಬೇಡಿ. ವಿಂಡೋಸ್ ಹಾಕುವಾಗ ಯಾವ ಮೋಡ್ ಇತ್ತೋ ಅದೇ ಬೇಕು.

ಪ್ರಶ್ನೆ: 'ನೋ ಬೂಟಬಲ್ ಡಿವೈಸ್' ಎಂದು ಬಂದು ನಿಲ್ಲುತ್ತದೆ.

ಪೆನ್‌ಡ್ರೈವ್ ಸಿಕ್ಕಿಸಿ ಮರೆತಿದ್ದರೆ ತೆಗೆಯಿರಿ, ಎಷ್ಟೋ ಸಲ ಇಷ್ಟೇ. ಆಮೇಲೆ ಆನ್ ಮಾಡುತ್ತಲೇ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್ ತೆರೆದು, ಅಲ್ಲಿ ಡಿಸ್ಕಿನ ಹೆಸರು ಕಾಣುತ್ತದೆಯೇ ನೋಡಿ.

ಕಂಡರೆ ದೋಷ ಸೆಟ್ಟಿಂಗಿನದ್ದೋ ವಿಂಡೋಸಿನದ್ದೋ ಆಗಿರುತ್ತದೆ. ಬೂಟ್ ಪಟ್ಟಿಯಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಮೇಲಿರಲಿ. ಬೂಟ್ ಮೋಡ್ (ಶುರುವಾಗುವ ವಿಧಾನ) ಮೊದಲು ಯುಇಎಫ್‌ಐ ಇದ್ದದ್ದು ಲೆಗಸಿ ಆಗಿದ್ದರೆ ಹಿಂದಕ್ಕೆ ತನ್ನಿ. ಕಾಣದಿದ್ದರೆ ಆಫ್ ಮಾಡಿ ಕೇಬಲ್‌ಗಳನ್ನು ತೆಗೆದು ಹಾಕಿ, ಬೇರೆ ಪೋರ್ಟಿಗೆ ಬದಲಿಸಿ. ಬೋರ್ಡಿಗೇ ನೇರ ಸಿಕ್ಕಿಸುವ ಚಪ್ಪಟೆ ಎಂ.2 ಡಿಸ್ಕಾದರೆ ತಿರುಪು ಬಿಚ್ಚಿ, ಹೊರತೆಗೆದು, ಓರೆಯಾಗಿ ಪೂರ್ತಿ ಒಳಗೆ ತೂರಿಸಿ, ಒತ್ತಿ ತಿರುಪು ಹಾಕಿ. ಹೊಸದಾಗಿ ಎಂ.2 ಹಾಕಿದ ಮೇಲೆ ಹಳೆಯ ಡಿಸ್ಕ್ ಮಾಯವಾಗಿದ್ದರೆ ಗಾಬರಿ ಬೇಡ. ಕೆಲವು ಬೋರ್ಡುಗಳಲ್ಲಿ ಆ ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟುಗಳು ಕೆಲಸ ನಿಲ್ಲಿಸುತ್ತವೆ.

ತಿರುಗುವ ಹಾರ್ಡ್‌ಡಿಸ್ಕಿನಿಂದ 'ಟಿಕ್ ಟಿಕ್' ಎಂದು ಒಂದೇ ಸಮನೆ ಸದ್ದು ಬರುತ್ತಿದ್ದರೆ ತಕ್ಷಣ ಆಫ್ ಮಾಡಿ. ಒಳಗಿನ ಕಡತಗಳು ಬೇಕೇ ಬೇಕೆಂದಾದರೆ ಇನ್ನೊಮ್ಮೆ ಆನ್ ಮಾಡದೆ ಡೇಟಾ ರಿಕವರಿ ಬಲ್ಲವರಿಗೆ ಕೊಡಿ. ಪ್ರತಿ ಸಲ ತಿರುಗಿಸಿದಾಗಲೂ ಉಳಿಯಬಹುದಾದದ್ದು ಕಡಿಮೆಯಾಗುತ್ತಾ ಹೋಗುತ್ತದೆ.

ಪ್ರಶ್ನೆ: ಅಪ್‌ಡೇಟ್ ಆದ ಮೇಲೆ 'ಪ್ರಿಪೇರಿಂಗ್ ಆಟೋಮ್ಯಾಟಿಕ್ ರಿಪೇರಿ' ಎಂದು ತಿರುಗಿ ತಿರುಗಿ ಅಲ್ಲಿಗೇ ಬರುತ್ತದೆ. ಫಾರ್ಮ್ಯಾಟ್ ಮಾಡಿಸಿಬಿಡಲೇ?

ಬೇಡ. ಫಾರ್ಮ್ಯಾಟ್ ಎನ್ನುವುದು ರಿಪೇರಿ ಮಾಡುವವರಿಗೆ ಸುಲಭ, ಫೋಟೋ ಕಳೆದುಕೊಳ್ಳುವವರು ನೀವು.

ಕೀಬೋರ್ಡ್, ಮೌಸ್ ಬಿಟ್ಟು ಉಳಿದ ಯುಎಸ್‌ಬಿ ಸಾಧನಗಳನ್ನೆಲ್ಲ ಕಿತ್ತು ಒಮ್ಮೆ ನೋಡಿ. ರಿಪೇರಿ ಮೆನು ತಾನಾಗಿ ಬರದಿದ್ದರೆ, ಲೋಗೋ ಮೂಡುತ್ತಿದ್ದಂತೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ಬರುತ್ತದೆ. ಅದರಲ್ಲಿ 'ಟ್ರಬಲ್‌ಶೂಟ್', ನಂತರ 'ಅಡ್ವಾನ್ಸ್‌ಡ್ ಆಪ್ಶನ್ಸ್'. 'ಸ್ಟಾರ್ಟಪ್ ರಿಪೇರಿ'ಯನ್ನು ಒಂದು ಸಲ ಓಡಿಸಿ ಸಾಕು. ನಿಮ್ಮ ವಿಷಯದಲ್ಲಿ ಹೆಚ್ಚು ಫಲ ಕೊಡುವುದು 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್'. ಅಲ್ಲಿ ಕೊನೆಯ ಕ್ವಾಲಿಟಿ ಅಪ್‌ಡೇಟ್ ತೆಗೆಯಿರಿ. ಆಗದಿದ್ದರೆ 'ಸಿಸ್ಟಮ್ ರಿಸ್ಟೋರ್'. ಅದು ನಿಮ್ಮ ಕಡತಗಳನ್ನು ಮುಟ್ಟುವುದಿಲ್ಲ, ಆ ದಿನಾಂಕದ ನಂತರ ಹಾಕಿದ ಪ್ರೋಗ್ರಾಂ ಮತ್ತು ಸಾಧನಗಳನ್ನು ನಡೆಸುವ ಡ್ರೈವರ್‌ಗಳು ಮಾತ್ರ ಹೋಗುತ್ತವೆ. 'ಸ್ಟಾರ್ಟಪ್ ಸೆಟ್ಟಿಂಗ್ಸ್'ನಲ್ಲಿ ರೀಸ್ಟಾರ್ಟ್ ಕೊಟ್ಟು 4 ಒತ್ತಿದರೆ ಸೇಫ್ ಮೋಡ್. ಅದರಲ್ಲಿ ಎದ್ದರೆ ವಿಂಡೋಸಿನ ಬುಡ ಗಟ್ಟಿಯಿದೆ ಎಂದರ್ಥ, ಇತ್ತೀಚೆಗೆ ಬಂದ ಡ್ರೈವರನ್ನೋ ಪ್ರೋಗ್ರಾಮನ್ನೋ ತೆಗೆಯಿರಿ.

ಈ ನಡುವೆ ವಿಂಡೋಸ್, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಕೀ ಕೇಳಬಹುದು. 48 ಅಂಕಿಗಳ ಆ ಸಂಖ್ಯೆ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುವ ಸಾಧ್ಯತೆಯಿದೆ, ಮೊಬೈಲಿನಿಂದ ಲಾಗಿನ್ ಆಗಿ ನೋಡಿ. ಅದಿಲ್ಲದೆ ಡಿಸ್ಕಿನಲ್ಲಿರುವುದು ಯಾರಿಗೂ ಓದಲು ಬಾರದು.

ಯಾವುದೂ ಫಲಿಸದಿದ್ದರೆ ಮೊದಲು ಕಡತಗಳನ್ನು ಹೊರಗೆ ತನ್ನಿ. ಅದೇ ಮೆನುವಿನ 'ಕಮಾಂಡ್ ಪ್ರಾಂಪ್ಟ್'ನಲ್ಲಿ ನೋಟ್‌ಪ್ಯಾಡ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ತೆರೆದ ನೋಟ್‌ಪ್ಯಾಡಿನಲ್ಲಿ 'ಫೈಲ್', 'ಓಪನ್' ಕೊಟ್ಟು, ಕೆಳಗೆ 'ಆಲ್ ಫೈಲ್ಸ್' ಆರಿಸಿದರೆ ಡ್ರೈವ್‌ಗಳೆಲ್ಲ ಕಾಣುತ್ತವೆ. ಬೇಕಾದ ಫೋಲ್ಡರನ್ನು ಕಾಪಿ ಮಾಡಿ ಪೆನ್‌ಡ್ರೈವಿಗೆ ಪೇಸ್ಟ್ ಮಾಡಿ. ಪ್ರಗತಿಯ ಪಟ್ಟಿ ಕಾಣುವುದಿಲ್ಲ, ಕಿಟಕಿ ಅಲುಗದೆ ನಿಂತಂತಿದ್ದರೂ ಕಾಯಿರಿ. ಇಲ್ಲಿ ಡ್ರೈವ್ ಅಕ್ಷರಗಳು ಬದಲಾಗಿರಬಹುದು, ನಿಮ್ಮ ಸಿ ಡ್ರೈವ್ ಇಲ್ಲಿ ಡಿ ಆಗಿ ಕಂಡೀತು. ಇಷ್ಟಾದ ಮೇಲೆ 'ರೀಸೆಟ್ ದಿಸ್ ಪಿಸಿ'ಯಲ್ಲಿ 'ಕೀಪ್ ಮೈ ಫೈಲ್ಸ್' ಆರಿಸಬಹುದು. ಪ್ರೋಗ್ರಾಂಗಳನ್ನು ಮತ್ತೆ ಹಾಕಿಕೊಳ್ಳಬೇಕಾಗುತ್ತದೆ.

ಪ್ರಶ್ನೆ: ಶಟ್‌ಡೌನ್ ಮಾಡಿ ಮರುದಿನ ಆನ್ ಮಾಡಿದರೆ ಕಪ್ಪು ಪರದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಸರಿಯಾಗಿ ಬರುತ್ತದೆ. ಯಾಕೆ?

ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ಚಾಲೂ ಇದ್ದಾಗ ಶಟ್‌ಡೌನ್ ಎಂದರೆ ಪೂರ್ತಿ ಮುಚ್ಚುವುದಲ್ಲ. ವಿಂಡೋಸಿನ ತಿರುಳು ಮತ್ತು ಡ್ರೈವರುಗಳ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಶುರುಮಾಡುತ್ತದೆ. ಹೀಗಾಗಿ ಗ್ರಾಫಿಕ್ಸ್ ಡ್ರೈವರಿನ ತೊಡಕು ಶಟ್‌ಡೌನಿನಲ್ಲಿ ಉಳಿದು ರೀಸ್ಟಾರ್ಟಿನಲ್ಲಿ ಹೋಗುತ್ತದೆ. ಕಂಟ್ರೋಲ್ ಪ್ಯಾನೆಲ್‌ನ 'ಪವರ್ ಆಪ್ಶನ್ಸ್' ತೆರೆದು, ಪವರ್ ಬಟನ್ ಏನು ಮಾಡಬೇಕೆಂದು ಆರಿಸುವ ಪುಟದಲ್ಲಿ 'ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್' ಗುರುತು ತೆಗೆಯಿರಿ. ಅದು ಮಸುಕಾಗಿದ್ದರೆ ಮೇಲಿರುವ 'ಚೇಂಜ್ ಸೆಟ್ಟಿಂಗ್ಸ್' ಸಾಲನ್ನು ಮೊದಲು ಒತ್ತಿ. ಆಮೇಲೆ ಏಳಲು ಕೆಲವು ಸೆಕೆಂಡ್ ಹೆಚ್ಚು ಹಿಡಿದರೆ ಅದು ದೋಷವಲ್ಲ.