ನಿಮ್ಮ ಡಚ್ ರೈಲಿನ ಲೇಖನ ವಾಪಸ್ ಕಳಿಸ್ತಿದೀನಿ, ಯಾಕೆ ಅಂತ ಇಲ್ಲಿದೆ

ನಮಸ್ಕಾರ ರೀ,

ನೀವು ಕಳಿಸಿದ 'ನೆದರ್ಲೆಂಡ್ಸ್ ರೈಲ್ವೆ: ಒಂದು ಅವಲೋಕನ' ಓದಿದೆ. ಎರಡು ಸಲ ಓದಿದೆ, ಎರಡನೇ ಸಲ ಪೆನ್ನು ಹಿಡ್ಕೊಂಡು. ಈಗಿರೋ ರೂಪದಲ್ಲಿ ಹಾಕಕ್ಕಾಗಲ್ಲ. ಮೊದ್ಲೇ ಹೇಳ್ಬಿಟ್ಟೆ, ಸುತ್ತಿ ಬಳಸಿ ಹೇಳಿದ್ರೆ ನಿಮಗೂ ಬೇಜಾರು ನನಗೂ ಬೇಜಾರು. ಹಾಗಂತ ಕಸದಬುಟ್ಟಿಗೆ ಹಾಕಿ ಅಂತ ಹೇಳ್ತಿಲ್ಲ, ಹದಿನಾರು ಪುಟದ ಅಡಿಯಲ್ಲಿ ಒಂದು ಒಳ್ಳೆ ಲೇಖನ ಮುಚ್ಚೋಗಿದೆ, ಅದನ್ನ ಅಗೆದು ತೆಗೀಬೇಕು.

"ರೈಲು ಮಾನವ ನಾಗರಿಕತೆಯ ಮಹತ್ತರ ಮೈಲಿಗಲ್ಲು" ಅಂತ ಶುರು ಮಾಡಿದೀರಿ. ರೈಲು ತೆಗೆದು ಗಡಿಯಾರ ಹಾಕಿ, ಸಾಲು ನಡೆಯುತ್ತೆ. ಮಿಕ್ಸಿ ಹಾಕಿದ್ರೂ ನಡೆಯುತ್ತೆ. ಹಾಗಾಗಿ ಅದು ಬೇಡ. ಅಲ್ಲಿಂದ ಮುಂದೆ 1839, 1842, 1843, 1847, 1860, 1863 ಅಂತ ಇಸವಿ ಮೇಲೆ ಇಸವಿ, ಸಣ್ಣ ಸ್ಟೇಷನ್ನಲ್ಲಿ ನಿಂತು ನಿಲ್ಲದೆ ಹೋಗೋ ಎಕ್ಸ್‌ಪ್ರೆಸ್ ನೋಡ್ದಂಗೆ, ಒಂದು ಬೋಗಿನೂ ಕಣ್ಣಿಗೆ ನಿಲ್ಲಲ್ಲ.

ಅದ್ರಲ್ಲೂ 1847ಕ್ಕೆ ಏನು ಬರೆದಿದೀರಿ ನೋಡಿ: "ಡೆಲ್ಫ್ಟ್ ಬಳಿ ಭೂಸ್ವಾಧೀನದಲ್ಲಿ ಕೆಲವು ತೊಡಕುಗಳು ಎದುರಾದವು." ಅಷ್ಟೇ! ಅಲ್ರೀ, ಆ ತೊಡಕಿಗೆ ಒಂದು ಹೆಸರಿತ್ತು, ವಾನ್ ಡೆರ್ ಖಾಖ್ ಅಂತ ಜಮೀನಿನ ಯಜಮಾನ. ಹೇಗ್‌ನಿಂದ ರೋಟರ್‌ಡ್ಯಾಮ್‌ಗೆ ಹಳಿ ಹಾಕ್ಕೊಂಡು ಬರ್ತಿದ್ದ ಕಂಪನಿಗೂ ಇವನಿಗೂ ದುಡ್ಡಿನ ಮಾತು ಕೂಡಿಬರ್ಲಿಲ್ಲ, ಅವನು ಜಾಗ ಬಿಡ್ಲಿಲ್ಲ. ಕಾನ್ರಾಡ್ ಅನ್ನೋ ಕಂಪನಿ ಇಂಜಿನಿಯರ್ ಏನ್ ಮಾಡ್ದ ಅಂದ್ರೆ ಆ ತುಂಡು ಜಾಗ ಅಲ್ಲೇ ಬಿಟ್ಟು ಅದರ ಸುತ್ತ ಹಳಿ ಬಗ್ಗಿಸಿ ಹಾಕಿಸ್ದ. ನೆಟ್ಟಗೆ ಬರ್ತಿದ್ದ ರೈಲು ಒಬ್ಬನ ಓಣಿ ಹತ್ರ ಬಂದು ನಿಧಾನ ಮಾಡಿ, ಅವನ ಜಾಗಕ್ಕೆ ಸುತ್ತು ಹಾಕಿ ಮುಂದೆ ಹೋಗೋದು. ಓಣಿ ಅಂತ ನಾನು ಸೇರಿಸಿದ್ದಲ್ಲ, ಡಚ್ಚರು ಇವತ್ತಿಗೂ ಇದನ್ನ 'ವಾನ್ ಡೆರ್ ಖಾಖ್‌ನ ಪುಟ್ಟ ಓಣಿ' ಅಂತಲೇ ಕರೆಯೋದು. ಇಂಥದ್ದು ಕೈಲಿಟ್ಕೊಂಡು 'ಕೆಲವು ತೊಡಕುಗಳು' ಅಂತ ಬರೆಯೋರಿಗೆ ಏನ್ ಹೇಳ್ಬೇಕು? ಬೈಪಾಸಿಗೆ ಜಮೀನು ಹೋದೋರು, ಹೋಗ್ದೇ ಇರ್ಲಿ ಅಂತ ಕೋರ್ಟಿಗೆ ಅಲೆಯೋರು ನಮ್ಮ ಓದುಗರಲ್ಲಿ ಬೇಕಾದಷ್ಟು ಜನ ಇದಾರೆ, ಅವ್ರು ಈ ಪುಟ ಬಿಟ್ಟು ಏಳಲ್ಲ. ಲೇಖನ ಇಲ್ಲಿಂದಲೇ ಶುರು ಆಗ್ಲಿ, 1839 ಆಮೇಲೆ ಬಂದ್ರೂ ಆಗುತ್ತೆ.

1839ರ ವಿಷ್ಯದಲ್ಲಿ ಒಂದೆರಡು ತಪ್ಪೂ ಇದೆ. ಸೆಪ್ಟೆಂಬರ್ 20ಕ್ಕೆ ಆಮ್‌ಸ್ಟರ್‌ಡ್ಯಾಮ್‌ನಿಂದ ಹಾರ್ಲೆಮ್‌ಗೆ ಮೊದಲ ಗಾಡಿ ಹೋಯ್ತು, ಅದು ಸರಿ. ಆಗಿನ ಇಂಜಿನ್ ಹೆಸರು 'ಡೆ ಆರೆಂಡ್', ಅಂದ್ರೆ ಹದ್ದು, ಅದೂ ಸರಿ. ಆದ್ರೆ "ಡಚ್ಚರ ಸ್ವದೇಶಿ ತಂತ್ರಜ್ಞಾನದ ಹೆಮ್ಮೆ" ಅಂತ ಬರೆದಿದೀರಲ್ಲ, ಆ ಇಂಜಿನ್ ಇಂಗ್ಲೆಂಡಿಂದ ತರಿಸಿದ್ದು, ಬೆಡ್ಲಿಂಗ್ಟನ್‌ನ ಲಾಂಗ್ರಿಡ್ಜ್ ಕಾರ್ಖಾನೇದು. ಉಟ್ರೆಕ್ಟ್ ರೈಲ್ವೆ ಮ್ಯೂಸಿಯಮ್ಮಲ್ಲಿ ನೀವು ಅದರ ಪಕ್ಕ ನಿಂತು ತೆಗೆಸ್ಕೊಂಡ ಫೋಟೋಗೆ "ಮೂಲ ಇಂಜಿನ್" ಅಂತ ಕ್ಯಾಪ್ಷನ್ ಹಾಕಿದೀರಿ. ಮೂಲದ್ದು 1857ರಲ್ಲೇ ಗುಜರಿಗೆ ಹೋಯ್ತು, ನೀವು ಕೈಯಿಟ್ಟಿರೋದು ನೂರು ವರ್ಷ ತುಂಬಿದಾಗ 1939ಕ್ಕೆ ಅಂತ ಮಾಡಿಸಿದ ನಕಲು. ಫೋಟೋ ಚೆನ್ನಾಗಿದೆ, ಇರ್ಲಿ, ಕ್ಯಾಪ್ಷನ್ ತಿದ್ದಿ.

ಹಳಿ ಅಗಲದ್ದು ಇನ್ನೊಂದು. "ಭಾರತದಂತೆಯೇ ಬ್ರಾಡ್ ಗೇಜ್" ಅಂತಿದೀರಿ. ನಮ್ದು 1676 ಮಿಲಿಮೀಟರ್, ಅವ್ರು ಶುರು ಮಾಡಿದ್ದು 1945 ಮಿಲಿಮೀಟರಲ್ಲಿ, ನಮಗಿಂತ ಒಂದು ಗೇಣಿಗೂ ಮೇಲೆ ಜಾಸ್ತಿ ಅನ್ನಿ. ಪಕ್ಕದ ಜರ್ಮನಿದು 1435. ಅಂದ್ರೆ ಗಡಿ ತನಕ ಹಳಿ ಹಾಕಿದ್ರೂ ಗಾಡಿ ಆಚೆಗೆ ದಾಟಲ್ಲ. ಆಮ್‌ಸ್ಟರ್‌ಡ್ಯಾಮ್, ರೋಟರ್‌ಡ್ಯಾಮ್ ಬಂದರಿಗೆ ಬಂದ ಸರಕು ರೈನ್ ನದಿ ಪಕ್ಕದ ಊರುಗಳಿಗೆ ಹೋಗ್ಬೇಕು, ಅದೇ ಅವರ ವ್ಯಾಪಾರದ ಜೀವ, ಹೀಗಿರೋವಾಗ ಹಳಿ ಅಗಲ ಮ್ಯಾಚ್ ಆಗದೇ ಇದ್ರೆ ಏನು ಪ್ರಯೋಜನ ಅಂತ ಉಟ್ರೆಕ್ಟ್ ಕಡೆ ಓಡಿಸ್ತಿದ್ದ ಕಂಪನಿ 1855ರಲ್ಲಿ ಇಡೀ ಹಳಿ ಕಿರಿದು ಮಾಡ್ಕೊಂಡು ಮರುವರ್ಷ ಜರ್ಮನಿಗೆ ಸೇರ್ಕೊಳ್ತು. ಹಾರ್ಲೆಮ್ ಕಂಪನಿಯೋರು 1866ರ ಹೊತ್ತಿಗೆ ಆ ಕೆಲಸ ಮುಗಿಸಿದ್ರು. ಇದನ್ನ ನಮ್ಮೋರಿಗೆ ಬಿಡಿಸಿ ಹೇಳೋದೇ ಬೇಡ, ಮೀಟರ್ ಗೇಜ್ ಗಾಡಿ ಇಳಿದು ಟ್ರಂಕು ಹೊತ್ಕೊಂಡು ಬ್ರಾಡ್ ಗೇಜ್ ಗಾಡಿ ಹತ್ತಿರೋ ತಲೆಮಾರು ಇನ್ನೂ ಗಟ್ಟಿಮುಟ್ಟಾಗಿದೆ. ಆ ಟ್ರಂಕಿನ ಭಾರ ನೆನಪಾಗೋ ಥರ ಬರೀರಿ, ಸಾಕು.

ಈಗ ನನಗೆ ನಿಜವಾಗ್ಲೂ ಖುಷಿ ಕೊಟ್ಟ ಜಾಗ. ಹನ್ನೊಂದನೇ ಪುಟದಲ್ಲಿ ಬ್ರ್ಯಾಕೆಟ್ ಒಳಗೆ ನಾಚ್ಕೊಂಡು ಬರೆದಿದೀರಲ್ಲ, 2009ರಲ್ಲಿ ಹೊಸದಾಗಿ ಅಲ್ಲಿಗೆ ಹೋದಾಗ ಗ್ರೋನಿಂಗನ್‌ಗೆ ಅಂತ ರೈಲು ಹತ್ತಿ, ಬೋರ್ಡ್ ನೋಡದೆ ಕೂತು, ಝ್ವೊಲ್ಲೆ ಸ್ಟೇಷನ್ನಲ್ಲಿ ಗಾಡಿ ಎರಡು ಹೋಳಾಗಿ, ನಿಮ್ಮ ಹೋಳು ಲೇವಾರ್ಡನ್‌ಗೆ ಹೋಗಿ ನಿಂತಿದ್ದು. ಇದನ್ನ ಬ್ರ್ಯಾಕೆಟ್ಟಿಂದ ಈಚೆ ತನ್ನಿ ಸ್ವಾಮಿ! ಯಾಕಂದ್ರೆ 'ಕೊಪ್‌ಲೋಪರ್' ಗಾಡಿ ಬಗ್ಗೆ ನೀವು ಮುಂದಿನ ಪುಟದಲ್ಲಿ ಒಣಗಿಸಿ ಬರೆದಿರೋದೆಲ್ಲ ಈ ಒಂದು ಘಟನೆಗೆ ತಗಲಾಕ್ಕೊಂಡಿದೆ. 1977ರಲ್ಲಿ ಆ ಗಾಡಿ ಬಂದಾಗ ಡ್ರೈವರನ್ನ ಮಹಡಿ ಮೇಲೆ ಕೂರಿಸಿದ್ದು ಶೋಕಿಗಲ್ಲ. ಮೂತಿಯಲ್ಲಿ ಬಾಗಿಲು ಬೇಕಿತ್ತು, ಎರಡು ಗಾಡಿ ಮೂತಿಗೆ ಮೂತಿ ಕೊಟ್ಟು ಸೇರಿದ್ರೆ ಜನ ಅವನ ಕಾಲ ಕೆಳಗಿಂದ ಈ ಗಾಡಿಯಿಂದ ಆ ಗಾಡಿಗೆ ನಡ್ಕೊಂಡು ಹೋಗ್ಬೋದಿತ್ತು. ತಪ್ಪು ಹೋಳಲ್ಲಿ ಕೂತೋರು ಝ್ವೊಲ್ಲೆ ಬರೋದ್ರೊಳಗೆ ಎದ್ದು ಆ ಕಡೆ ಹೋದ್ರೆ ಆಯ್ತು. ಆ ಬಾಗಿಲು ಬಳಸೋದನ್ನ 2005ರಲ್ಲಿ ನಿಲ್ಲಿಸಿದ್ರು, ನೀವು ಹೋಗೋ ಹೊತ್ತಿಗೆ ದಾರಿ ಬಂದ್ ಆಗಿತ್ತು. ನಾಲ್ಕು ವರ್ಷ ಮುಂಚೆ ಹೋಗಿದ್ರೆ ಗ್ರೋನಿಂಗನ್ ಸೇರ್ಕೊಳ್ತಿದ್ರೇನೋ. ನಗು ಬರ್ತಿದೆ ನನಗೆ, ಓದುಗರಿಗೂ ಬರ್ಲಿ.

ಅಂದಹಾಗೆ ಹೆಸರುಗಳು. 1954ರ ಗಾಡಿಗೆ ಡಚ್ಚರು 'ಹೊಂಡೆಕಾಪ್' ಅಂತ ಇಟ್ಟ ಅಡ್ಡಹೆಸರನ್ನ ನೀವು "ಶ್ವಾನಶಿರ ಶ್ರೇಣಿ" ಮಾಡಿದೀರಿ. ಯಾರಾದ್ರೂ ರೈಲು ನೋಡಿ ಓ ಶ್ವಾನಶಿರ ಬಂತು ಅಂತಾರಾ? ನಾಯಿಮೂತಿ ಅನ್ನಿ. ಹತ್ತು ವರ್ಷ ಬಿಟ್ಟು ಬಂದಿದ್ದಕ್ಕೆ ಕೋತಿಮೂತಿ ಅನ್ನಿ, 'ಆಪೆಕಾಪ್' ಅಂದ್ರೆ ಅದೇ ತಾನೆ. ಧೂಮಶಕಟನೂ ಬೇಡ, ಸ್ಟೀಮ್ ಇಂಜಿನ್ ಸಾಕು.

ಇನ್ನು ಸ್ವಲ್ಪ ಗಟ್ಟಿಯಾಗೇ ಹೇಳ್ಬೇಕಾದ ಮಾತು. ಯುದ್ಧದ ಭಾಗ. ದೇಶ ಜರ್ಮನ್ನರ ಕೈಲಿದ್ದಾಗ, 1944 ಸೆಪ್ಟೆಂಬರ್ 17ಕ್ಕೆ, ಲಂಡನ್ನಲ್ಲಿದ್ದ ಡಚ್ ಸರ್ಕಾರ ರೇಡಿಯೋದಲ್ಲಿ ಮುಷ್ಕರಕ್ಕೆ ಕರೆ ಕೊಟ್ಟಿದ್ದು, "ವರ್ಸ್ಟೇಖ್ ಮಕ್ಕಳು ಕಂಬಳಿ ಹೊದ್ದು ಮಲಗ್ಬೇಕು" ಅನ್ನೋ ಗುಟ್ಟಿನ ಮಾತು, ಸುಮಾರು 30,000 ರೈಲ್ವೆ ನೌಕರರು ಕೆಲಸ ಬಿಟ್ಟು ಮರೆಯಾಗಿದ್ದು, ಇಷ್ಟೂ ಚೆನ್ನಾಗಿ ಬರೆದಿದೀರಿ, ಇಡೀ ಲೇಖನದಲ್ಲಿ ಉಸಿರಾಡೋ ಪ್ಯಾರಾ ಅದೊಂದೇ. ಆದ್ರೆ ಅದಕ್ಕೆ ಮುಂಚಿನ ಎರಡು ವರ್ಷ ಎಲ್ಲಿ? 1942 ಜುಲೈನಿಂದ ವೆಸ್ಟರ್‌ಬೋರ್ಕ್ ಕ್ಯಾಂಪಿನಿಂದ ಯಹೂದಿಗಳನ್ನ ನಾಜಿ ಕ್ಯಾಂಪುಗಳಿಗೆ ಅಂತ ತುಂಬ್ಕೊಂಡು ಗಡಿ ಕಡೆ ಹೋಗ್ತಿದ್ದ ಗಾಡಿಗಳೂ ಇದೇ ರೈಲ್ವೆದು, ಇದೇ ನೌಕರರು, ಆ ಸಾಗಾಟಕ್ಕೆ ಜರ್ಮನ್ನರಿಂದ ದುಡ್ಡೂ ಪಡೆದಿದ್ದು. ಆ ದೇಶದಿಂದ ಹೀಗೆ ಹೋದೋರು ಸುಮಾರು 1,07,000 ಜನ, ವಾಪಸ್ ಬಂದೋರು 5,000 ಚಿಲ್ಲರೆ. ವೆಸ್ಟರ್‌ಬೋರ್ಕ್‌ನಿಂದ ಕೊನೆ ಗಾಡಿ ಹೊರಟಿದ್ದು 1944 ಸೆಪ್ಟೆಂಬರ್ 13. ಮುಷ್ಕರ 17ಕ್ಕೆ. ಈ ಎರಡು ತಾರೀಖು ಪಕ್ಕಪಕ್ಕ ಇಟ್ಟು ಸುಮ್ನಿರಿ, ವಿಶೇಷಣ ಒಂದೂ ಬೇಡ. ಆ ರೈಲ್ವೆಯೇ 2005ರಲ್ಲಿ ಕ್ಷಮೆ ಕೇಳ್ತು, 2019ರಲ್ಲಿ ಬದುಕುಳಿದವರಿಗೆ, ಸತ್ತವರ ಮನೆಯವರಿಗೆ ಪರಿಹಾರ ಕೊಡೋ ಯೋಜನೆ ಪ್ರಕಟಿಸ್ತು. ಅವರೇ ಒಪ್ಕೊಂಡಿರೋದನ್ನ ನೀವು ಮುಚ್ಚಿದ್ರೆ ಓದುಗ ಉಳಿದಿದ್ದನ್ನೂ ನಂಬಲ್ಲ. ಮುಷ್ಕರಕ್ಕೆ ಸೇಡು ಅಂತ ಜರ್ಮನ್ನರು ಪಶ್ಚಿಮದ ಊರುಗಳಿಗೆ ಆಹಾರ ಹೋಗೋದನ್ನ ತಡೆದಿದ್ದು, ಆ ಚಳಿಗಾಲ ಜನ ಟ್ಯುಲಿಪ್ ಗೆಡ್ಡೆ ಬೇಯಿಸ್ಕೊಂಡು ತಿಂದಿದ್ದು, ಅದೂ ಇದೇ ಕಥೆಗೆ ಸೇರಿದ್ದು.

ಉಳಿದಿದ್ದು ಬೇಗ ಹೇಳ್ತೀನಿ. 1962ರ ಹಾರ್ಮೆಲೆನ್ ಅಪಘಾತಕ್ಕೆ ಮಂಜು ಕಾರಣ ಅಂತ ಬಿಟ್ಟಿದೀರಿ. ಮಂಜಲ್ಲಿ ಡ್ರೈವರ್‌ಗೆ ಎಚ್ಚರಿಕೆ ಸಿಗ್ನಲ್ ತಪ್ಪೋಯ್ತು, 93 ಜನ ಸತ್ರು, ಡ್ರೈವರ್ ತಪ್ಪಿದ್ರೂ ಗಾಡಿ ತಾನೇ ಬ್ರೇಕ್ ಹಾಕೋ ವ್ಯವಸ್ಥೆ ದೇಶಾದ್ಯಂತ ಹಾಕಕ್ಕೆ ಶುರು ಮಾಡಿದ್ದು ಅದಾದ್ಮೇಲೆ, ಇಷ್ಟು ಸೇರಿಸಿ. 1958ರಲ್ಲಿ ಕೊನೆ ಸ್ಟೀಮ್ ಇಂಜಿನ್ 3737 ತನ್ನ ಕಾಲಮೇಲೆ ತಾನೇ ಮ್ಯೂಸಿಯಂಗೆ ಹೋಗಿದ್ದು ಹಾಗೇ ಇರ್ಲಿ, ಚೆಂದ ಇದೆ. "2017ರಿಂದ ಗಾಳಿಯಂತ್ರಗಳೇ ರೈಲು ಎಳೆಯುತ್ತವೆ" ಅನ್ನೋದು ಕವಿತೆಗೆ ಸರಿ. ಬಳಸಿದಷ್ಟು ಕರೆಂಟನ್ನ ಗಾಳಿ ವಿದ್ಯುತ್ತಿನಿಂದ್ಲೇ ಕೊಳ್ಳೋ ಒಪ್ಪಂದ ಅದು, ತಂತಿಯಲ್ಲಿ ಬರೋ ಕರೆಂಟಿಗೆ ಇದು ಗಾಳಿದು ಇದು ಗ್ಯಾಸಿಂದು ಅಂತ ಬಣ್ಣ ಇರಲ್ಲ. ಕೊನೆಗೆ "ನಮ್ಮ ರೈಲ್ವೆ ಇವರಿಂದ ಕಲಿಯಬೇಕಾದ ಪಾಠಗಳು" ಅಂತ ಎರಡು ಪುಟ ಇದ್ಯಲ್ಲ, ಅದನ್ನ ನಾನೇ ಹೊಡೆದಾಕಿದೀನಿ, ಕೇಳ್ಬೇಡಿ.

ಹದಿನಾರು ಪುಟ ಆರಕ್ಕಿಳಿಸಿ. ಓಣಿ, ಹಳಿ, ಹೋಳಾದ ಗಾಡಿ, ಯುದ್ಧ, ಇಷ್ಟಿದ್ರೆ ನನಗೆ ಸಾಕು, ಸೇತುವೆಗಳ ಪಟ್ಟಿ ಇನ್ನೊಂದ್ಸಲಕ್ಕೆ. ಇಪ್ಪತ್ತು ದಿನ ಟೈಮ್ ತಗೊಳ್ಳಿ. ಆಮೇಲೆ, ಲೇವಾರ್ಡನ್‌ನಲ್ಲಿ ಇಳಿದಾಗ ರಾತ್ರಿ ಹನ್ನೊಂದೂವರೆ ಅಂತ ಬರೆದು ಅಲ್ಲಿಗೇ ನಿಲ್ಲಿಸಿದೀರಿ, ಅವತ್ತು ವಾಪಸ್ ಹೆಂಗೆ ಬಂದ್ರಿ, ಎಲ್ಲಿ ಮಲಗಿದ್ರಿ? ಅದನ್ನೂ ಬರೀರಿ.