ಹುಲ್ಲುಹಾಸಿನ ಸಂಶೋಧನೆ: ವಿಶ್ವವಿದ್ಯಾಲಯಕ್ಕಿಂತ ಮೊದಲು ಪ್ರಶ್ನೆಯನ್ನು ಆರಿಸಿಕೊಳ್ಳಿ

ಪ್ರಶ್ನೆ: ತೋಟಗಾರಿಕೆ ಬಿ.ಎಸ್ಸಿ.ಯ ಕೊನೆಯ ವರ್ಷದಲ್ಲಿದ್ದೇನೆ. ಕ್ರೀಡಾಂಗಣ ಮತ್ತು ಗಾಲ್ಫ್ ಮೈದಾನಗಳ ಹುಲ್ಲುಹಾಸನ್ನು ಕುರಿತು ಅಮೆರಿಕದಲ್ಲಿ ಎಂ.ಎಸ್. ಮಾಡುವ ಆಸೆಯಿದೆ. ಅಲ್ಲಿ ಸಂಶೋಧನೆ ಎಂದರೆ ನಿಜಕ್ಕೂ ಏನು ಮಾಡಿಸುತ್ತಾರೆ? ಯಾವ ವಿಶ್ವವಿದ್ಯಾಲಯ ಒಳ್ಳೆಯದು? ಕಲಿತದ್ದು ಊರಿಗೆ ಮರಳಿದ ಮೇಲೆ ಉಪಯೋಗಕ್ಕೆ ಬರುತ್ತದೆಯೇ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಉಳಿದೆರಡರ ಉತ್ತರ ಅದನ್ನು ಅವಲಂಬಿಸಿದೆ. ಹುಲ್ಲುಹಾಸಿಗೆ ಬಳಸುವ ಹುಲ್ಲುಗಳಲ್ಲಿ ಎರಡು ಗುಂಪುಗಳಿವೆ. ಕೆಂಟಕಿ ಬ್ಲೂಗ್ರಾಸ್, ರೈಗ್ರಾಸ್, ಫೆಸ್ಕ್ಯೂ, ಬೆಂಟ್‌ಗ್ರಾಸ್ ಮೊದಲಾದ ತಂಪು ಹವೆಯ ಹುಲ್ಲುಗಳು ಸುಮಾರು 15ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಹುಲುಸಾಗಿ ಬೆಳೆಯುತ್ತವೆ. ನಮ್ಮ ಗರಿಕೆ, ಜೋಯ್ಸಿಯಾ, ಪ್ಯಾಸ್ಪಾಲಮ್‌ಗಳಿಗೆ 27ರಿಂದ 35 ಡಿಗ್ರಿ ಬೇಕು. ಮೊದಲ ಗುಂಪಿನ ದ್ಯುತಿಸಂಶ್ಲೇಷಣೆ ಸಿ3 ಮಾರ್ಗದ್ದು, ಎರಡನೆಯದರದು ಸಿ4 ಮಾರ್ಗದ್ದು; ಇವು ಗಾಳಿಯ ಇಂಗಾಲವನ್ನು ಗಿಡ ಹಿಡಿದಿಡುವ ಎರಡು ಬಗೆಗಳು. ಆದ್ದರಿಂದ ಗೊಬ್ಬರ ಕೊಡುವ ಕಾಲ, ನೀರಿನ ಬೇಡಿಕೆ, ಕತ್ತರಿಸುವ ಎತ್ತರ, ಕಾಡುವ ರೋಗ ಎಲ್ಲವೂ ಬೇರೆಯಾಗುತ್ತವೆ. ನ್ಯೂಜೆರ್ಸಿಯ ರಟ್ಗರ್ಸ್ ರೈಗ್ರಾಸ್ ಮತ್ತು ಫೆಸ್ಕ್ಯೂ ತಳಿಗಳಿಗೆ, ಪೆನ್‌ಸಿಲ್ವೇನಿಯ ಸ್ಟೇಟ್ ಬೆಂಟ್‌ಗ್ರಾಸ್ ತಳಿಗಳಿಗೆ ಹೆಸರಾದ ಸಂಸ್ಥೆಗಳು. ಅಲ್ಲಿನ ಶಿಕ್ಷಣ ಉತ್ತಮವಾದುದೇ. ಆದರೆ ಕರ್ನಾಟಕಕ್ಕೆ ಮರಳುವುದು ನಿಮ್ಮ ಉದ್ದೇಶವಾಗಿದ್ದರೆ ಜಾರ್ಜಿಯ, ಫ್ಲಾರಿಡ, ಟೆಕ್ಸಾಸ್ ಎ ಅಂಡ್ ಎಂ, ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯಗಳ ಕಡೆ ಮೊದಲು ನೋಡಿ ಎಂಬುದು ನನ್ನ ಸಲಹೆ. ಅಲ್ಲಿನ ಮೈದಾನಗಳಲ್ಲಿ ಗರಿಕೆಯೇ ಮುಖ್ಯ ಹುಲ್ಲು.

ಗರಿಕೆಯ ವಿಷಯದಲ್ಲಿ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಜಾರ್ಜಿಯದ ಟಿಫ್ಟನ್ ಕೇಂದ್ರದಲ್ಲಿ ಗ್ಲೆನ್ ಬರ್ಟನ್ ಎಂಬ ತಳಿವಿಜ್ಞಾನಿ ಸಾಮಾನ್ಯ ಗರಿಕೆಯನ್ನು ಆಫ್ರಿಕದ ಸಣ್ಣೆಲೆಯ ಗರಿಕೆಯೊಂದಿಗೆ ಸಂಕರಿಸಿದರು. ಇವೇ ಎರಡು ಹುಲ್ಲುಗಳು ತಾವಾಗಿ ಬೆರೆತು ಹುಟ್ಟಿದ್ದ ಸಂಕರವೊಂದನ್ನು ಆರಿಸಿ ಬೆಳೆಸಿದ ‘ಟಿಫ್‌ವೇ’ ತಳಿ 1960ರಲ್ಲಿ ಆ ಕೇಂದ್ರದಿಂದ ಬಿಡುಗಡೆಯಾಯಿತು. ಸಾಮಾನ್ಯ ಗರಿಕೆಯಲ್ಲಿ 36 ವರ್ಣತಂತುಗಳು, ಆಫ್ರಿಕದ್ದರಲ್ಲಿ 18, ಸಂಕರದಲ್ಲಿ 27. ಅಂದರೆ ಒಂಬತ್ತರ ಮೂರು ಕಂತೆಗಳು; ಇವು ಸರಿಯಾಗಿ ಜೋಡಿಯಾಗಲಾರದ್ದರಿಂದ ಅದು ಬೀಜ ಕಟ್ಟುವುದಿಲ್ಲ. ಬೀಜವಿಲ್ಲದ್ದು ಮೈದಾನಕ್ಕೆ ವರ, ಏಕೆಂದರೆ ತಾನೇ ಬಿತ್ತಿಕೊಂಡು ಹಾಸಿನ ಏಕರೂಪತೆಯನ್ನು ಕೆಡಿಸುವುದಿಲ್ಲ. ಆದರೆ ಪ್ರತಿ ಮೈದಾನಕ್ಕೂ ಕುಡಿಯನ್ನೋ ಮಣ್ಣುಸಹಿತ ಹಾಸನ್ನೋ ಸಾಗಿಸಬೇಕಾಗುತ್ತದೆ, ಮತ್ತು ಆ ಕುಡಿಯ ಜೊತೆ ಬೇರೆ ತಳಿಯ ತುಣುಕೋ ಕಳೆಯೋ ಬಂದರೆ ಅದು ವರ್ಷಗಟ್ಟಲೆ ಹಾಸಿನಲ್ಲಿ ಉಳಿಯುತ್ತದೆ. ತಳಿಯ ಶುದ್ಧತೆಯನ್ನು ಖಚಿತಪಡಿಸುವ ಕೆಲಸವೇ ಒಂದು ಪ್ರಬಂಧಕ್ಕೆ ಸಾಕಾಗುವಷ್ಟಿದೆ.

ಇನ್ನು ಸಂಶೋಧನೆಯ ದಿನನಿತ್ಯದ ಸ್ವರೂಪ. ಭತ್ತದಲ್ಲಿ, ರಾಗಿಯಲ್ಲಿ ಇಳುವರಿಯನ್ನು ತೂಗಿದರೆ ಉತ್ತರ ಸಿಗುತ್ತದೆ. ಹುಲ್ಲುಹಾಸಿನಲ್ಲಿ ತೂಗುವಂಥ ಇಳುವರಿಯೇ ಇಲ್ಲ. ಅಮೆರಿಕದ ರಾಷ್ಟ್ರೀಯ ತಳಿ ಪರೀಕ್ಷೆಗಳಲ್ಲಿ ಬಣ್ಣ, ಸಾಂದ್ರತೆ, ಎಲೆಯ ನಯ, ಏಕರೂಪತೆಗಳನ್ನು ಕಣ್ಣಿನಿಂದಲೇ ನೋಡಿ 1ರಿಂದ 9ರವರೆಗೆ ಅಂಕ ಕೊಡುತ್ತಾರೆ; ಸಾಮಾನ್ಯವಾಗಿ 6 ಬಂದರೆ ಒಪ್ಪತಕ್ಕದ್ದು. ಒಬ್ಬರ ಕಣ್ಣಿಗೆ 6 ಆದದ್ದು ಇನ್ನೊಬ್ಬರಿಗೆ 7 ಆಗಬಹುದಾದ್ದರಿಂದ, ಹಸಿರು ಹೊದಿಕೆಯ ಪ್ರಮಾಣವನ್ನು ಛಾಯಾಚಿತ್ರದಿಂದ ಅಳೆಯುವ ವಿಧಾನವೂ ಬಳಕೆಗೆ ಬಂದಿದೆ: ಒಳಗೆ ದೀಪಗಳಿರುವ, ತಳವಿಲ್ಲದ ಪೆಟ್ಟಿಗೆಯನ್ನು ತಾಕಿನ ಮೇಲಿಟ್ಟು, ಮೇಲಿನ ರಂಧ್ರದಿಂದ ಚಿತ್ರ ತೆಗೆದು, ಅದರಲ್ಲಿ ಹಸಿರು ಚುಕ್ಕೆಗಳು ಶೇಕಡ ಎಷ್ಟೆಂದು ಕಂಪ್ಯೂಟರ್‌ನಿಂದ ಎಣಿಸುತ್ತಾರೆ. ಮೋಡ ಬಂದರೂ ಬಿಸಿಲು ಬಂದರೂ ಪೆಟ್ಟಿಗೆಯೊಳಗಿನ ಬೆಳಕು ಒಂದೇ ಆಗಿರುತ್ತದೆ. ಎಂ.ಎಸ್. ವಿದ್ಯಾರ್ಥಿಯ ಬೇಸಿಗೆಯ ಬಹುಭಾಗ ಈ ಪೆಟ್ಟಿಗೆಯನ್ನು ಹೊತ್ತು ತಾಕಿನಿಂದ ತಾಕಿಗೆ ನಡೆಯುವುದರಲ್ಲಿ ಕಳೆಯುತ್ತದೆ ಎಂದರೆ ಹೆಚ್ಚೇನೂ ಉತ್ಪ್ರೇಕ್ಷೆಯಿಲ್ಲ. ಕ್ಷೇತ್ರ ಪ್ರಯೋಗವನ್ನು ಸಾಮಾನ್ಯವಾಗಿ ಎರಡು ಹಂಗಾಮು ನಡೆಸಿದ ಮೇಲೆಯೇ ಫಲಿತಾಂಶಕ್ಕೆ ಬೆಲೆ, ಎಂ.ಎಸ್.ಗೆ ಎರಡು ವರ್ಷ ಹಿಡಿಯುವುದರ ಹಿಂದೆ ಈ ಕಾರಣವೂ ಇದೆ. ಮೊದಲ ಹಂಗಾಮು ತಪ್ಪಿಸಿಕೊಂಡವರಿಗೆ ಮೂರನೆಯ ವರ್ಷ ತಪ್ಪುವುದಿಲ್ಲ.

ಒಳ್ಳೆಯ ಪ್ರಶ್ನೆ ಹೇಗಿರುತ್ತದೆ ಎಂಬುದಕ್ಕೆ ‘ಡಾಲರ್ ಸ್ಪಾಟ್’ ರೋಗವನ್ನು ನೋಡಿ. ಗಿಡ್ಡಕ್ಕೆ ಕತ್ತರಿಸಿದ ಹಾಸಿನಲ್ಲಿ ನಾಣ್ಯದಗಲದ ಒಣಹುಲ್ಲಿನ ಬಣ್ಣದ ಕಲೆಗಳು ಮೂಡುತ್ತವೆ. ಬೆಳಗಿನ ಇಬ್ಬನಿಯಲ್ಲಿ ಅವುಗಳ ಮೇಲೆ ಬಿಳಿಯ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಕ್ಯಾಲೆಂಡರ್ ನೋಡಿ ಔಷಧಿ ಸಿಂಪಡಿಸುವುದು ಹಳೆಯ ರೂಢಿ. ಅದರ ಬದಲು, ಹವೆಯನ್ನು ನೋಡಿ ರೋಗದ ಮುನ್ಸೂಚನೆ ಕೊಡುವ ಸ್ಮಿತ್–ಕರ್ನ್ಸ್ ಎಂಬ ಗಣಿತದ ಮಾದರಿ ಹಿಂದಿನ ಐದು ದಿನಗಳ ಸರಾಸರಿ ಉಷ್ಣಾಂಶ ಮತ್ತು ಗಾಳಿಯ ತೇವಾಂಶವನ್ನು ತೆಗೆದುಕೊಂಡು ರೋಗದ ಸಂಭವವನ್ನು ಶೇಕಡವಾರು ಹೇಳುತ್ತದೆ. ಶೇ 20ರ ಸುಮಾರನ್ನು ಮುಟ್ಟಿದಾಗ ಮಾತ್ರ ಸಿಂಪಡಣೆ. ಇದು ಅಮೆರಿಕದಲ್ಲಿ ಬೆಂಟ್‌ಗ್ರಾಸ್ ಮೇಲೆ ರೂಪುಗೊಂಡ ಮಾದರಿ. ವಾರಗಟ್ಟಲೆ ತೇವಾಂಶ ಇಳಿಯದ ನಮ್ಮ ಮುಂಗಾರಿನಲ್ಲಿ, ಗರಿಕೆಯ ಹಾಸಿನ ಮೇಲೆ ಅದೇ ಮಿತಿಯನ್ನಿಟ್ಟುಕೊಂಡರೆ ದಿನವೂ ಸಿಂಪಡಿಸು ಎಂದೇ ಅದು ಹೇಳಬಹುದಲ್ಲವೇ? ಇಂಥ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಹೋದವರು ಅಲ್ಲಿನ ವಿಧಾನವನ್ನು ಕಲಿತು ಇಲ್ಲಿಗೆ ತರಬಲ್ಲರು.

ಹಣದ ಮಾತು ಚಿಕ್ಕದು. ಪ್ರಬಂಧ ಬರೆಯುವ ಎಂ.ಎಸ್.ಗೆ ಸಂಶೋಧನಾ ಸಹಾಯಕ ಹುದ್ದೆ ಸಿಕ್ಕರೆ ಸಾಮಾನ್ಯವಾಗಿ ಬೋಧನಾ ಶುಲ್ಕದಲ್ಲಿ ವಿನಾಯಿತಿ ಮತ್ತು ಮಾಸಿಕ ವೇತನ ದೊರೆಯುತ್ತವೆ; ಪ್ರತಿಯಾಗಿ ವಾರಕ್ಕೆ 20 ಗಂಟೆಗಳ ಕೆಲಸ. ಆ ಹಣ ಪ್ರಾಧ್ಯಾಪಕರ ಯೋಜನೆಯಿಂದ ಬರುವುದರಿಂದ, ಅರ್ಜಿ ಹಾಕುವ ಮೊದಲು ಅವರ ಇತ್ತೀಚಿನ ಲೇಖನಗಳನ್ನು ಓದಿ ನೇರವಾಗಿ ಪತ್ರ ಬರೆಯಬೇಕು. ಯೋಜನೆಗೆ ಹಣ ಕೊಡುವವರು ಯಾರೆಂದೂ ವಿನಯದಿಂದ ಕೇಳಿ. ಕಂಪನಿಯೊಂದರ ಔಷಧಿಯನ್ನು ಸಿಂಪಡಿಸಿ ಅಂಕ ಕೊಡುವುದಷ್ಟೇ ಕೆಲಸವಾದರೆ, ಅದು ಉದ್ಯೋಗ. ಅದನ್ನು ಸಂಶೋಧನೆ ಎಂದು ನಾನು ಕರೆಯಲಾರೆ.

ಪ್ರಶ್ನೆ: ನನಗೆ ಪ್ರಯೋಗಾಲಯಕ್ಕಿಂತ ನಿರ್ವಹಣೆಯಲ್ಲಿ ಆಸಕ್ತಿ. ಕೃಷಿ ನಿರ್ವಹಣೆಯನ್ನು ಓದಲು ವಿದೇಶಕ್ಕೇ ಹೋಗಬೇಕೇ?
– ಕೃಷಿ ಪದವೀಧರ, ಹಾಸನ

ಉತ್ತರ: ಬೇಕಿಲ್ಲ. ಹೈದರಾಬಾದಿನ ‘ಮ್ಯಾನೇಜ್’ (ರಾಷ್ಟ್ರೀಯ ಕೃಷಿ ವಿಸ್ತರಣಾ ನಿರ್ವಹಣಾ ಸಂಸ್ಥೆ) ನಡೆಸುವ ಕೃಷಿ ವ್ಯವಹಾರ ನಿರ್ವಹಣಾ ಡಿಪ್ಲೊಮಾಗೆ ಕ್ಯಾಟ್ ಪ್ರವೇಶ ಪರೀಕ್ಷೆಯ ಅಂಕದ ಆಧಾರದ ಮೇಲೆ ಪ್ರವೇಶವಿದೆ. ಅಹಮದಾಬಾದಿನ ಐಐಎಂನಲ್ಲಿಯೂ ಆಹಾರ ಮತ್ತು ಕೃಷಿ ವ್ಯವಹಾರದ ಕಾರ್ಯಕ್ರಮವಿದೆ. ಬೀಜ, ಗೊಬ್ಬರ, ಮಾರುಕಟ್ಟೆ, ಸಾಲದ ಲೋಕವನ್ನು ಇಲ್ಲಿಯೇ ಕಲಿಯುವುದು ಲಾಭ, ಏಕೆಂದರೆ ನಿಯಮಗಳೂ ಕೊಳ್ಳುವವರೂ ಇಲ್ಲಿನವರೇ. ವಿದೇಶದ ಪ್ರಬಂಧರಹಿತ ಸ್ನಾತಕೋತ್ತರ ಪದವಿಗೆ ಸಾಮಾನ್ಯವಾಗಿ ಸ್ವಂತ ಹಣ ತೆರಬೇಕಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪ್ರಶ್ನೆ: ಕುಡಿಯುವ ನೀರಿಗೇ ಪರದಾಡುವ ನಾಡಿನಲ್ಲಿ ಮೈದಾನದ ಹುಲ್ಲಿಗೆ ಸಂಶೋಧನೆ ಏಕೆ?
– ಓದುಗರು, ಬೆಂಗಳೂರು

ಉತ್ತರ: ಆಕ್ಷೇಪ ನ್ಯಾಯವಾದದ್ದು, ಮತ್ತು ಅದರಲ್ಲಿಯೇ ಸಂಶೋಧನೆಯ ವಿಷಯವೂ ಅಡಗಿದೆ. 2024ರ ಬೇಸಿಗೆಯ ಬರದಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಪಂದ್ಯಗಳಿಗೆ ಸಂಸ್ಕರಿಸಿದ ನೀರನ್ನು ಒದಗಿಸುವ ವ್ಯವಸ್ಥೆಯಾಯಿತು. ಕುಡಿಯುವ ನೀರನ್ನು ಬಿಟ್ಟುಕೊಡದೆ ಮೈದಾನವನ್ನು ಉಳಿಸಿಕೊಳ್ಳಲು ಇದೇ ದಾರಿ. ಆದರೆ ಸಂಸ್ಕರಿಸಿದ ನೀರಿನಲ್ಲಿ ಸೋಡಿಯಂ ಸೇರಿದಂತೆ ಲವಣಗಳು ಉಳಿದಿರುತ್ತವೆ. ಮರಳಿನ ತಳವಿರುವ ಕ್ರೀಡಾಂಗಣದಲ್ಲಿ ಆಗಾಗ ಹೆಚ್ಚು ನೀರು ಬಿಟ್ಟು ಅವನ್ನು ತೊಳೆದು ಕಳುಹಿಸಬಹುದು. ಶಾಲೆಯ ಬಯಲಿನ ಎರೆಮಣ್ಣಿನಲ್ಲಿ ಸೋಡಿಯಂ ಜೇಡಿಯ ಕಣಗಳನ್ನು ಚದುರಿಸಿ ಮೇಲ್ಪದರವನ್ನು ಬಿಗಿಗೊಳಿಸುತ್ತದೆ. ಆಮೇಲೆ ಮಳೆನೀರೂ ಒಳಗಿಳಿಯುವುದಿಲ್ಲ. ಕಡಲ ತೀರದ ಪ್ಯಾಸ್ಪಾಲಮ್ ಹೆಚ್ಚು ಉಪ್ಪನ್ನು ತಾಳಿಕೊಳ್ಳುತ್ತದೆ, ಗರಿಕೆಯೂ ಸಾಕಷ್ಟು ತಾಳುತ್ತದೆ. ಇವುಗಳಲ್ಲಿ ಯಾವುದು, ಯಾವ ಮಣ್ಣಿನಲ್ಲಿ, ಸೋಡಿಯಂ ಅನ್ನು ಮಣ್ಣಿನಿಂದ ಬಿಡಿಸುವ ಜಿಪ್ಸಂ ಎಷ್ಟಿದ್ದರೆ, ಎಷ್ಟು ವರ್ಷ ಸಂಸ್ಕರಿಸಿದ ನೀರನ್ನು ತಡೆದುಕೊಳ್ಳುತ್ತದೆ ಎಂಬುದನ್ನು ನಮ್ಮ ಬಯಲಿನ ತಾಕುಗಳಲ್ಲಿಯೇ ಪರೀಕ್ಷಿಸಬೇಕು. ಮೊದಲ ಪತ್ರದ ವಿದ್ಯಾರ್ಥಿನಿ ವಿಷಯವನ್ನು ಇನ್ನೂ ನಿರ್ಧರಿಸಿಲ್ಲವಾದರೆ, ಪ್ರಾಧ್ಯಾಪಕರಿಗೆ ಬರೆಯುವ ಪತ್ರದಲ್ಲಿ ಇದನ್ನೇ ಪ್ರಸ್ತಾಪಿಸಬಹುದು. ಸಂಸ್ಕರಿಸಿದ ನೀರಿನ ಮೇಲೆ ಟೆಕ್ಸಾಸ್ ಮತ್ತು ಫ್ಲಾರಿಡಗಳಲ್ಲಿ ಈಗಾಗಲೇ ಕೆಲಸ ನಡೆದಿರುವುದರಿಂದ ಮಾತು ಅಲ್ಲಿಂದ ಮುಂದುವರಿಯುವ ಸಾಧ್ಯತೆ ಹೆಚ್ಚು.